ಅಡುಗೆಮನೆಯ ನಳಕ್ಕೆ ಗಾಳಿ ಹೊಡೆಸಿದ ಕಾಕಾ

ನೀರು ಹೆಪ್ಪುಗಟ್ಟಿಬಿಟ್ಟರೆ ಏನು ಗತಿ ಎಂದು ಚಿಂತೆ ಹಚ್ಚಿಕೊಂಡು ಕೂತ ಮನುಷ್ಯ ಇಡೀ ವಿಜಯಪುರ ಜಿಲ್ಲೆಗೆ ಒಬ್ಬರೇ ಒಬ್ಬರಿದ್ದಾರೆ. ಅವರು ನನ್ನ ಕಾಕಾ!

ನಗಬೇಡಿ. ಅಥವಾ ನಗಿ, ನಾವೂ ನಕ್ಕವರೇ. ಸಿಂದಗಿಯಲ್ಲಿ ಬೇಸಿಗೆ ಕಾಲಿಟ್ಟಿತೆಂದರೆ ನಳದಿಂದ ಬಂದ ನೀರಿಗೆ ಚಹಾಪುಡಿ, ಸಕ್ಕರೆ ಹಾಕಿದರೆ ಸಾಕು, ಒಲೆ ಹಚ್ಚುವ ಕೆಲಸವಿಲ್ಲ. ಪಕ್ಕದ ಇಂಡಿ ಪಟ್ಟಣದಲ್ಲಿ ನಿಂಬೆ ಶರಬತ್ತು ತೆಗೆದುಕೊಂಡರೆ ಗ್ಲಾಸು ತುಟಿಗೆ ಬರುವುದರೊಳಗೆ ಐಸು ಮಾಯ. ಇನ್ನು ನಮ್ಮ ಚಳಿಗಾಲ? ಮಫ್ಲರು ಟ್ರಂಕಿನಿಂದ ಹೊರಗೆ ಬರುತ್ತದೆ, ನಾಲ್ಕು ದಿನ ನಮ್ಮ ತಲೆ ಸುತ್ತಿಕೊಂಡಿರುತ್ತದೆ, ಮತ್ತೆ ಟ್ರಂಕಿಗೆ ಹೋಗುತ್ತದೆ. ಅಷ್ಟೇ. ಇಂಥ ಊರಿನಲ್ಲಿ ಕೂತು ನನ್ನ ಕಾಕಾ ಹಿಮಗಡ್ಡೆಯ ವಿರುದ್ಧ ಯುದ್ಧ ಸಾರಿದ್ದರು. ಸಾರಿದ್ದಷ್ಟೇ ಅಲ್ಲ, ಗೆದ್ದರು! ಅದಕ್ಕೇ ಈ ಬರಹ.

ಕಾಕಾ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಎಂಜಿನ್ನಿನ ಮಾತು ತಿಳಿದಷ್ಟು ಮನುಷ್ಯರ ಮಾತು ಅವರಿಗೆ ತಿಳಿಯುವುದಿಲ್ಲ ಎಂಬುದು ನಮ್ಮ ಚಿಗವ್ವನ, ಅಂದರೆ ಅವರ ಹೆಂಡತಿಯ, ಹಳೆಯ ದೂರು. ಆಕೆಗೆ ಒಂದು ನಿಯಮವಿದೆ. ಬೆಳಿಗ್ಗೆ ಮೈಮೇಲೆ ನೀರು ಬಿದ್ದು, ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ಒಂದು ಹನಿ ನೀರು ಕೂಡ ಹಾಕುವುದಿಲ್ಲ. ಜ್ವರ ಬರಲಿ, ಮದುವೆ ಇರಲಿ, ಮಂತ್ರಿಗಳೇ ಮನೆಗೆ ಬಂದು ಚಹಾಕ್ಕೆ ಕೂತಿರಲಿ, ಇಲ್ಲ ಅಂದರೆ ಇಲ್ಲ. ಪರಸ್ಥಳದಲ್ಲಿ ಮುಂಜಾನೆ ಎದ್ದು ಸ್ನಾನಕ್ಕಾಗಿ ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಲ್ಲುವುದು ಆಕೆಗೆ ಆಗದ ಮಾತು. ಮೊಣಕಾಲು ನೋವು ಶುರುವಾದ ಮೇಲಂತೂ ಬೇರೆಯವರ ಬಚ್ಚಲು ಆಕೆಗೆ ಬೆಟ್ಟವಾಯಿತು. ಹಾಗಾಗಿ ಚಿಗವ್ವನ ಪ್ರಪಂಚ ಉತ್ತರಕ್ಕೆ ಆಲಮೇಲ, ದಕ್ಷಿಣಕ್ಕೆ ನಾಲತವಾಡ. ಬೆಳಿಗ್ಗೆ ಸ್ನಾನ ಮಾಡಿ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟುವಷ್ಟು ದೂರ. ಅದರಾಚೆ ಭೂಮಿ ಇದೆ ಎಂಬುದನ್ನು ಆಕೆ ಟಿ.ವಿ. ನೋಡಿ ತಿಳಿದುಕೊಂಡಿದ್ದಳು.

ಆ ಟಿ.ವಿ.ಯಲ್ಲೇ ಒಂದು ದಿನ ಹಿಮ ಬೀಳುವುದನ್ನು ತೋರಿಸುತ್ತಿದ್ದರು. ಚಿಗವ್ವ ರೊಟ್ಟಿಯ ಹಿಟ್ಟು ನಾದುವುದನ್ನು ಬಿಟ್ಟು ಬಂದು ನಿಂತು ನೋಡಿದಳು. "ಒಮ್ಮೆ ಅದರ ಮ್ಯಾಲ ಕಾಲಿಟ್ಟು ನೋಡಬೇಕಂತ ಭಾಳ ಆಸೆ ಐತಿ ನನಗ" ಎಂದಳು. ಯಾರಿಗೂ ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ಹೇಳಿ ಮತ್ತೆ ಹಿಟ್ಟಿನ ಕಡೆ ಹೋದಳು. ಕಾಕಾ ಪಕ್ಕದಲ್ಲೇ ಕನ್ನಡಕ ಒರೆಸುತ್ತ ಕೂತಿದ್ದರು. ತಿಂಗಳು ತುಂಬುವುದರೊಳಗೆ ಬಸವನ ಬಾಗೇವಾಡಿಯಿಂದ ಒಂದು ಹಳೆಯ ಶಾಲಾ ಬಸ್ಸು ಕೊಂಡು ತಂದು ಮನೆ ಮುಂದೆ ನಿಲ್ಲಿಸಿದರು!

ಸೀಟುಗಳೆಲ್ಲ ಹೋದವು. ಮಂಚ ಬಂತು, ಮಂಚದ ಕೆಳಗೆ ಇನ್ನೂರು ಲೀಟರಿನ ನೀರಿನ ಟಾಕಿ ಬಂತು. ಪಂಪು, ಪುಟ್ಟ ಗ್ಯಾಸ್ ಗೀಜರು, ಅಡುಗೆಗೊಂದು ನಳ, ಕೈ ತೊಳೆಯಲೊಂದು ನಳ. ಹಿಂದುಗಡೆ ಒಂದು ಬಚ್ಚಲು, ಅದರಲ್ಲಿ ಚಿಗವ್ವ ಎರಡೂ ಕಡೆ ಗೋಡೆ ಹಿಡಿದುಕೊಂಡು ಕೂತೇಳುವಂತೆ ಕಬ್ಬಿಣದ ಹಿಡಿಕೆಗಳು. ಹೊರಗಿನ ಹಳದಿ ಬಣ್ಣ ಮಾತ್ರ ಹಾಗೇ ಉಳಿಯಿತು. ಬಣ್ಣದಿಂದ ಬಸ್ಸು ಓಡುವುದಿಲ್ಲವಲ್ಲ ಎಂಬುದು ಕಾಕಾರ ವಾದ.

ಮೊದಲ ಪರೀಕ್ಷೆ ಇಂಗಳೇಶ್ವರದಲ್ಲಿ, ಬೀಗರ ಮನೆಯಂಗಳದಲ್ಲಿ. ರಾತ್ರಿ ಅಲ್ಲಿಯೇ ವಸ್ತಿ. ಬೆಳಗಾದಾಗ ಚಿಗವ್ವ ಬಸ್ಸಿನಲ್ಲೇ ಸ್ನಾನ, ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಗಂಭೀರವಾಗಿ ಇಳಿದು ಬಂದಾಗ ಬೀಗಿತ್ತಿಗೆ ಸ್ವಲ್ಪ ಸಿಟ್ಟೇ ಬಂತು. ನಮ್ಮ ಮನೆಯ ನೀರಿಗೆ ಏನಾಗಿದೆ ಎಂದು ಕೇಳಿಯೂಬಿಟ್ಟಳು. ಆದರೆ ಮಧ್ಯಾಹ್ನದ ಹೊತ್ತಿಗೆ ಆ ಮನೆಯ ಏಳು ಜನವೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಸ್ಸಿನ ಬಾಗಿಲಲ್ಲಿ ಸಾಲು ನಿಂತಿದ್ದರು, ಬೀಗಿತ್ತಿ ಎಲ್ಲರಿಗಿಂತ ಮುಂದೆ!

ಇಷ್ಟಕ್ಕೇ ನಿಂತಿದ್ದರೆ ಅವರು ನಮ್ಮ ಕಾಕಾ ಆಗುತ್ತಿರಲಿಲ್ಲ. ವಿದೇಶದಲ್ಲಿ ಇಂಥ ಗಾಡಿಗಳಲ್ಲೇ ಬದುಕುವವರ ವಿಡಿಯೋಗಳನ್ನು ಅವರು ಫೋನಿನಲ್ಲಿ ನೋಡತೊಡಗಿದರು. ಇಂಗ್ಲಿಷು ಬಾರದು, ಅದರಿಂದ ತೊಂದರೆಯೂ ಇಲ್ಲ. ಸ್ಪ್ಯಾನರು ಹಿಡಿದ ಕೈ ಏನು ಹೇಳುತ್ತದೆಂದು ಅವರಿಗೆ ಗೊತ್ತಾಗುತ್ತದೆ. ಹಾಗೆ ನೋಡುವಾಗಲೇ ತಿಳಿದದ್ದು, ಥಂಡಿ ದೇಶದಲ್ಲಿ ಪೈಪಿನೊಳಗೆ ನೀರು ಬಿಟ್ಟರೆ ಅದು ಗಡ್ಡೆಯಾಗಿ, ಹಿಗ್ಗಿ, ಪೈಪು, ನಳ, ಗೀಜರು ಎಲ್ಲವನ್ನೂ ಸೀಳಿಹಾಕುತ್ತದೆ ಎಂದು. ನಾನು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕಾಕಾ ಅಷ್ಟು ದೂರ ಬಸ್ಸು ಹಿಡಿದು ಬಂದು, ಫೋನು ನನ್ನ ಮೂಗಿಗೆ ಹಿಡಿದು, ಇದು ಖರೇ ಏನು ಎಂದು ಕೇಳಿದರು. ಖರೇ ಎಂದೆ. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ ಎಂದು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ ಎಂದೂ ಹೆಮ್ಮೆಯಿಂದ ಸೇರಿಸಿದೆ.

"ಮತ್ತ ಮನಿಯವ್ರಿಗೆ ಯಾಕ ಹೇಳಲಿಲ್ಲ?" ಎಂದರು ಕಾಕಾ, ನಾನೇನೋ ಇಪ್ಪತ್ತು ವರ್ಷ ಈ ಸಂಗತಿಯನ್ನು ಮುಚ್ಚಿಟ್ಟುಕೊಂಡವಳ ಹಾಗೆ.

ಅವರ ಆತಂಕಕ್ಕೆ ಅರ್ಥವಿತ್ತು. ಹಿಮದೂರಿನಲ್ಲಿ ಪೈಪು ಒಡೆದರೆ ಸ್ನಾನವಿಲ್ಲ. ಸ್ನಾನವಿಲ್ಲದಿದ್ದರೆ ಪೂಜೆಯಿಲ್ಲ, ಪೂಜೆಯಿಲ್ಲದಿದ್ದರೆ ಚಿಗವ್ವನ ಬಾಯಿಗೆ ನೀರಿಲ್ಲ. ಹಾಗೊಮ್ಮೆ ಆದರೆ ಆಕೆ ಮತ್ತೆ ಜನ್ಮದಲ್ಲಿ ಆ ಬಸ್ಸು ಹತ್ತುವುದಿಲ್ಲ. ಆಲಮೇಲ, ನಾಲತವಾಡ, ಮುಗಿಯಿತು.

ವಿಡಿಯೋದವರು ನೀರು ತೆಗೆದ ಮೇಲೆ ಪೈಪಿಗೆ ಚಳಿಗೆ ಗಡ್ಡೆಗಟ್ಟದ ಒಂದು ಗುಲಾಬಿ ಬಣ್ಣದ ದ್ರವ ಸುರಿಯುತ್ತಿದ್ದರು. ಕಾಕಾ ಅದನ್ನು ಹುಡುಕಿಕೊಂಡು ಹೊರಟರು. ಇಂಡಿಯ ಒಂದು ಔಷಧ ಅಂಗಡಿಯವರು ಗುಲಾಬಿ ಬಣ್ಣದ್ದು ಎಂಬುದನ್ನಷ್ಟೇ ಕೇಳಿಸಿಕೊಂಡು, ಭೇದಿಯ ಔಷಧ ಮುಂದಿಟ್ಟು, ಎಷ್ಟು ಸಲ ಹೋಗುತ್ತಿದೆ ಎಂದು ವಿಚಾರಿಸಿದರಂತೆ. ಸಿಂದಗಿಯ ಬಿಡಿಭಾಗದ ಅಂಗಡಿಯಲ್ಲಿ ರೇಡಿಯೇಟರಿಗೆ ಹಾಕುವ ಕೂಲಂಟ್ ಸಿಕ್ಕಿತು, ಬಣ್ಣವೂ ಅದೇ. ಕಾಕಾ ಮುಟ್ಟಲಿಲ್ಲ. ಅದು ವಿಷ, ಆ ಪೈಪಿನ ನೀರಿನಲ್ಲಿ ಆಕೆ ಬಾಯಿ ಮುಕ್ಕಳಿಸಬೇಕು ಎಂದು ತಿರುಗಿ ಬಂದರು. ದ್ರವ ಬೇಡ, ಪೈಪಿನಲ್ಲಿ ಉಳಿದ ನೀರನ್ನು ಹೊರಗೆ ದಬ್ಬಲು ಗಾಳಿ ಸಾಕು ಎಂದು ತೀರ್ಮಾನವಾಯಿತು. ಗಾಳಿ ಎಲ್ಲಿ ಸಿಗುತ್ತದೆ? ಪಂಕ್ಚರ್ ಅಂಗಡಿಯಲ್ಲಿ!

ಹಳದಿ ಬಸ್ಸು ಹೋಗಿ ಪಂಕ್ಚರ್ ಅಂಗಡಿಯ ಮುಂದೆ ನಿಂತಿತು. ಅಂಗಡಿಯವರು ಗಾಳಿಯ ಪೈಪು ಎಳೆದುಕೊಂಡು ಬಂದು, "ಯಾವ ಗಾಲಿಗ್ರಿ?" ಎಂದರು.

"ಗಾಲಿಗಲ್ಲೋ ಮಾರಾಯಾ, ಅಡಿಗಿಮನಿ ನಳಕ್ಕ."

ಮೂವತ್ತು ವರ್ಷದ ಅನುಭವದಲ್ಲಿ ಅಂಗಡಿಯವರಿಗೆ ಇಂಥ ಗಿರಾಕಿ ಸಿಕ್ಕಿರಲಿಲ್ಲ. ಎಷ್ಟು ಹೊಡೆಯಲಿ ಎಂದರು. ಎಷ್ಟು ಹೊಡೆಯಬೇಕೆಂದು ಕಾಕಾರಿಗೂ ಗೊತ್ತಿಲ್ಲ. ಹೊಡಿ ಎಂದರು. ಅಂಗಡಿಯವರ ಕೈಗೆ ಕಬ್ಬಿನ ಟ್ರ್ಯಾಕ್ಟರಿನ ಗಾಲಿ ತುಂಬಿ ರೂಢಿ, ಅದೇ ಲೆಕ್ಕದಲ್ಲಿ ಬಿಟ್ಟರು. ಒಳಗೆ ಢಬ್ ಎಂದಿತು. ಬಚ್ಚಲಿನ ಶವರಿನ ತಲೆ ಕಿತ್ತುಕೊಂಡು ಕಿಟಕಿಯಿಂದ ಹಾರಿ, ರಸ್ತೆ ದಾಟಿ, ಎದುರಿನ ಮಿರ್ಚಿ ಭಜಿ ಅಂಗಡಿಯ ಹಿಟ್ಟಿನ ಬೋಗುಣಿಯಲ್ಲಿ ಹೋಗಿ ಮುಳುಗಿತು! ಮಿರ್ಚಿ ಅಂಗಡಿಯವರು ದೊಡ್ಡ ಮನುಷ್ಯರು, ಶವರನ್ನು ತೊಳೆದು ತಂದುಕೊಟ್ಟರು. ಹಿಟ್ಟನ್ನು ಮಾತ್ರ ಹಾಗೇ ಇಟ್ಟುಕೊಂಡರು.

ಆಮೇಲೆ ಕಾಕಾ ಪದ್ಧತಿ ಕಲಿತರು. ಮೊದಲು ಗೀಜರಿನ ತಳದ ಬಿರಡೆ ಬಿಚ್ಚಬೇಕು. ಟಾಕಿ ಖಾಲಿ ಮಾಡಬೇಕು. ಗಾಳಿ ಸ್ಕೂಟರಿನ ಗಾಲಿಗೆ ಹಾಕುವಷ್ಟೇ ಸಾಕು. ಒಂದು ಸಲಕ್ಕೆ ಒಂದೇ ನಳ ತೆರೆದು, ಅದು ಕೆಮ್ಮಿ, ಉಗುಳಿ, ಕೊನೆಗೆ ಬರೀ ಉಸಿರು ಬಿಡುವ ತನಕ ಕಾಯಬೇಕು. ಬಚ್ಚಲ ಕೆಳಗೆ ಪೈಪು ಬಾಗಿದ ಜಾಗದಲ್ಲಿ ಉಳಿಯುವ ನೀರಿಗೆ ಉಪ್ಪು ಸುರಿಯಬೇಕು, ಉಪ್ಪುನೀರು ಅಷ್ಟು ಬೇಗ ಗಡ್ಡೆಯಾಗುವುದಿಲ್ಲ. (ಈ ಉಪ್ಪಿನ ಉಪಾಯ ಮಾತ್ರ ನನ್ನದು, ದಾಖಲೆಗಿರಲಿ.) ಮನೆಯವರಿಗಿಂತ ಬಚ್ಚಲೇ ಹೆಚ್ಚು ಉಪ್ಪು ತಿನ್ನುತ್ತಿದೆ ಎಂದು ಚಿಗವ್ವ ಗೊಣಗಿದಳು.

ಎರಡು ವರ್ಷ ಸಿಂದಗಿಯಲ್ಲಿ ಇದರ ತಾಲೀಮು ನಡೆಯಿತು. ಇನ್ನೂರು ಲೀಟರು ನೀರನ್ನು ಒಬ್ಬ ಮನುಷ್ಯ ಬೇಕೆಂದೇ ಹೊರಗೆ ಬಿಡುತ್ತಾನೆಂದರೆ ಎಂಟು ದಿನಕ್ಕೊಮ್ಮೆ ನಳ ಬರುವ ಓಣಿ ಸುಮ್ಮನಿರುತ್ತದೆಯೇ? ಮೊದಲ ದಿನ ಓಣಿಯ ಹೆಂಗಸರು ಬೈದರು. ಎರಡನೆಯ ಸಲ ಕೊಡ ತಂದರು. ಮೂರನೆಯ ಸಲ ಕಾಕಾ ಬಿರಡೆಗೆ ಕೈ ಹಾಕುವ ಮೊದಲೇ ಬಸ್ಸಿನ ಬುಡದಿಂದ ಮೂಲೆಮನೆಯ ತನಕ ಕೊಡಗಳ ಪಾಳಿ! "ಮತ್ತ ಯಾವಾಗ ಚಳಿ ಬರ್ತೈತ್ರಿ?" ಎಂದು ಏಪ್ರಿಲ್ ತಿಂಗಳಲ್ಲಿ ಕೇಳಿದವರೂ ಇದ್ದಾರೆ.

ಆದರೆ ಈ ತಾಲೀಮಿನಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಸಂಜೆ ಪೂರ್ತಿ ಖಾಲಿ ಮಾಡಿದ ಟಾಕಿ ಬೆಳಿಗ್ಗೆ ನೋಡಿದರೆ ತುಂಬಿರುತ್ತಿತ್ತು! ಕಾಕಾ ವಾಲ್ವು ಬದಲಿಸಿದರು, ಪಂಪು ಬಿಚ್ಚಿ ಜೋಡಿಸಿದರು, ನನ್ನನ್ನು ಕರೆಸಿ ವಿಜ್ಞಾನ ಏನು ಹೇಳುತ್ತದೆ ಎಂದು ಕೇಳಿದರು. ವಿಜ್ಞಾನ ತಲೆ ಕೆರೆದುಕೊಂಡಿತು. ಕೊನೆಗೆ ಒಂದು ಸಂಜೆ ಚಿಗವ್ವ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಸ್ಸು ಹತ್ತುವಾಗ ಸಿಕ್ಕಿಬಿದ್ದಳು. ಆಕೆಗೆ ತಪ್ಪು ಮಾಡಿದ ಭಾವನೆಯೇನೂ ಇರಲಿಲ್ಲ. ಖಾಲಿ ಟಾಕಿ ಇಟ್ಟುಕೊಂಡು ಯಾರಾದರೂ ಮಲಗುತ್ತಾರೆಯೇ ಎಂದು ಅವರನ್ನೇ ಕೇಳಿದಳು. ನಮ್ಮ ಕಡೆಯ ಹೆಂಗಸರಿಗೆ ನೀರು ತುಂಬಿಡುವುದು ಕೆಲಸವಲ್ಲ, ಉಸಿರಾಟ. ನಳ ಬಂದ ದಿನ ನಮ್ಮ ಮನೆಗಳಲ್ಲಿ ಕೊಡ, ಬಕೆಟ್ಟು, ಪಾತೆಲಿ ಮುಗಿದು ಕೊನೆಗೆ ಚಹಾದ ಕಪ್ಪುಗಳೂ ತುಂಬಿ ಕೂತಿರುತ್ತವೆ.

ಅಂತೂ ಒಂದು ದಸರಾ ರಜೆಯಲ್ಲಿ ಹೊರಟೆವು. ಕಾಕಾ, ಚಿಗವ್ವ ಮತ್ತು ವಿಜ್ಞಾನದ ಪರವಾಗಿ ನಾನು. ದಾರಿಯುದ್ದಕ್ಕೂ ಚಿಗವ್ವ ದಿನಾ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಒಂದೊಂದು ರಾಜ್ಯದ ನೀರು ಕುಡಿದು, ಯಾವುದರ ರುಚಿ ಹೇಗಿದೆ ಎಂದು ತೀರ್ಪು ಕೊಡುತ್ತ ಬಂದಳು. ಎಂಟನೆಯ ದಿನ ಮಧ್ಯಾಹ್ನ ಹಿಮಾಚಲದ ಎತ್ತರದ ಒಂದು ಊರು ಮುಟ್ಟಿದೆವು. ಢಾಬಾ ಒಂದರ ಮುಂದಿನ ಬಯಲಿನಲ್ಲಿ ಇಂಥದೇ ನಾಲ್ಕಾರು ಗಾಡಿ ನಿಂತಿದ್ದವು, ಎಲ್ಲವೂ ಮಿರಿಮಿರಿ ಮಿಂಚುವಂಥವು. ನಮ್ಮ ಹಳದಿ ಶಾಲಾ ಬಸ್ಸನ್ನು ನೋಡಿ ಅವರು ಮುಖ ಮುಖ ನೋಡಿಕೊಂಡರು. ರಾತ್ರಿ ಹಿಮ ಬೀಳುತ್ತದೆ ಎಂದು ಢಾಬಾದವರು ಹೇಳಿದರು.

ಕಾಕಾ ಕೆಲಸಕ್ಕೆ ನಿಂತರು. ಬೆಳಗಿನ ಸ್ನಾನಕ್ಕೆಂದು ಮೂರು ಹಾಲಿನ ಕ್ಯಾನುಗಳಲ್ಲಿ ಮುಕ್ಕಾಲು ಮಟ್ಟ ನೀರು ತೆಗೆದು, ಕೌದಿ ಸುತ್ತಿ ಹಾಸಿಗೆಗಳ ನಡುವೆ ಇಟ್ಟರು. ನಮಗೆ ಎರಡು ಕೌದಿ, ನೀರಿಗೆ ನಾಲ್ಕು! ಉಳಿದ ನೀರು ಹೊರಗೆ. ಸಂಗಡ ತಂದಿದ್ದ ಪುಟ್ಟ ಗಾಳಿ ಯಂತ್ರದಿಂದ ನಳಗಳನ್ನೆಲ್ಲ ಒಣಗಿಸಿದರು, ಬಚ್ಚಲಿಗೆ ಉಪ್ಪುಣಿಸಿದರು. ಆಮೇಲೆ ಮಫ್ಲರು ಬಿಗಿದುಕೊಂಡು ಪಕ್ಕದ ಗಾಡಿಗಳವರಿಗೂ ಬುದ್ಧಿ ಹೇಳಲು ಹೋದರು. ಪಾನಿ ನಿಕಾಲೋ, ಪೈಪ್ ಫುಟ್ ಜಾಯೇಗಾ ಎಂದು ನಮ್ಮ ಸಿಂದಗಿ ಬಜಾರದ ಹಿಂದಿಯಲ್ಲಿ ಒಬ್ಬೊಬ್ಬರಿಗೂ ಹೇಳಿದರು. ಅವರು ನಕ್ಕು ಚಹಾ ಕುಡಿಸಿ ಕಳಿಸಿದರು.

ಈ ನಡುವೆ ಇಲ್ಲೇನಾಯಿತು ಕೇಳಿ. ಢಾಬಾದ ಪಕ್ಕ ಗುಡ್ಡದ ಝರಿಯಿಂದ ಒಂದು ಪೈಪು ಎಳೆದು ಬಿಟ್ಟಿದ್ದರು, ನೀರು ತನ್ನ ಪಾಡಿಗೆ ತಾನು ಸುರಿದು ಹೋಗುತ್ತಿತ್ತು. ಹಿಡಿಯುವವರಿಲ್ಲ, ಪಾಳಿಯಿಲ್ಲ, ಜಗಳವಿಲ್ಲ! ಸಿಂದಗಿಯ ಹೆಂಗಸು ಎಷ್ಟು ಹೊತ್ತು ಅದನ್ನು ನೋಡಿ ಸುಮ್ಮನಿರಬೇಕು? ಒಂದು ಕಡೆ ಹರಿದು ಹೋಗುವ ನೀರು, ಇನ್ನೊಂದು ಕಡೆ ತಾನು ಮಲಗುವ ಮಂಚದ ಕೆಳಗೇ ಖಾಲಿ ಟಾಕಿ. ಚಿಗವ್ವ ಎದ್ದಳು. ಟಾಕಿಯ ಬಾಯಿ ತೆಗೆದಳು. ಪೈಪು ಹಿಡಿದದ್ದು ಯಾರು? ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿರುವ ನಾನೇ! ಕಣ್ಣ ಮುಂದೆ ಪುಕ್ಕಟೆ ನೀರು ಹರಿಯುವಾಗ ನನಗೂ ವಿಜ್ಞಾನ ನೆನಪಾಗಲಿಲ್ಲ. ತುಂಬಿದ ಮೇಲೆ ಪಂಪು ಹಾಕಿ ಎಲ್ಲ ನಳಗಳಲ್ಲಿ ನೀರು ಸರಿಯಾಗಿ ಬರುತ್ತದೆಯೇ ಎಂದು ತಿರುವಿಯೂ ನೋಡಿದೆವು. ಬಂತು. ಇಬ್ಬರಿಗೂ ಸಂತೋಷವಾಯಿತು.

ಕಾಕಾ ಬಂದವರು ತಮ್ಮ ಪದ್ಧತಿಯಂತೆ ನಳಗಳ ಕೊನೆಯ ಹಾಜರಿ ತೆಗೆದುಕೊಂಡರು. ಅಡುಗೆಯ ನಳ ತಿರುವಿ, ಒಳಗಿನ ಉಸಿರು ಕೇಳಲು ಕಿವಿ ಇಟ್ಟರು. ತಣ್ಣೀರು ಕಿವಿಯೊಳಗೆ ಸುರಿಯಿತು.

ನಾವಿಬ್ಬರೂ ಒಬ್ಬರ ಹಿಂದೆ ಒಬ್ಬರು ಅಡಗಲು ನೋಡಿದೆವು. ಕಾಕಾ ಕಿವಿ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ, "ಆಕಿದು ಬಿಡು. ಟೀಚರ, ನೀನೂ ಏನ?" ಎಂದರು. ನನ್ನ ಡಿಗ್ರಿಯನ್ನು ಅಲ್ಲೇ ಬಯಲಿನಲ್ಲಿ ಹೂತುಬಿಡಬೇಕೆನಿಸಿತು.

ಮತ್ತೆ ಶುರು. ಟಾಕಿ, ಗೀಜರು ಖಾಲಿಯಾದವು. ಗಾಳಿ ಯಂತ್ರ ಚಳಿಗೆ ಎರಡು ಸಲ ಗುರ್ರೆಂದು ಸತ್ತುಹೋಯಿತು. ಉಳಿದದ್ದು ಸೈಕಲ್ ಪಂಪು. ಅಷ್ಟು ಎತ್ತರದಲ್ಲಿ ನಮ್ಮ ಎದೆಗೇ ಗಾಳಿ ಸಾಲದು, ಇನ್ನು ನಳಕ್ಕೆ ಎಲ್ಲಿಂದ ಕೊಡುವುದು? ಕಾಕಾ ಇಪ್ಪತ್ತು ಒತ್ತಿ ಕೂತರು. ನಾನು ಹದಿನೈದು ಒತ್ತಿ ಕೂತೆ. ಚಿಗವ್ವ ಮೆಟ್ಟಿಲ ಮೇಲೆ ಕೂತು, ನೋಯುವ ಮೊಣಕಾಲನ್ನು ಪಕ್ಕಕ್ಕೆ ಚಾಚಿಕೊಂಡು, ಒಂದೇ ಸಮನೆ ನಲವತ್ತು ಒತ್ತಿದಳು! ರೊಟ್ಟಿ ಬಡಿದ ಕೈ ಅದು. ಕತ್ತಲಾಗುವ ಹೊತ್ತಿಗೆ ಕೊನೆಯ ನಳವೂ ಕೆಮ್ಮಿ ಸುಮ್ಮನಾಯಿತು. ಬಚ್ಚಲಿಗೆ ಮತ್ತೊಂದು ಪೊಟ್ಟಣ ಉಪ್ಪು ಬಿತ್ತು, ಈ ಸಲ ಚಿಗವ್ವನೇ ಸುರಿದಳು.

ಬೆಳಗಾದಾಗ ಬಯಲೆಲ್ಲ ಬೆಳ್ಳಗಿತ್ತು. ಮಿಂಚುವ ಗಾಡಿಗಳ ಕೆಳಗೆ ನೀರ ಗಡ್ಡೆಗಳು ಜೋತುಬಿದ್ದಿದ್ದವು. ಒಬ್ಬರ ಗೀಜರು ಸೀಳಿತ್ತು, ಇನ್ನೊಬ್ಬರ ನಳ ಎರಡು ಹೋಳಾಗಿತ್ತು. ಢಾಬಾದ ಝರಿಯ ಪೈಪು ಕೂಡ ಗಡ್ಡೆಗಟ್ಟಿ ನಿಂತಿತ್ತು. ನಿನ್ನೆ ನಕ್ಕಿದ್ದವರು ಬಾಯಿತುಂಬ ಪೇಸ್ಟಿನ ನೊರೆ ತುಂಬಿಕೊಂಡು ಉಗುಳಲೂ ಆಗದೆ, ಮುಕ್ಕಳಿಸಲೂ ಆಗದೆ ನಿಂತಿದ್ದರು. ಆಗ ನಮ್ಮ ಹಳದಿ ಬಸ್ಸಿನ ಹಿಂದಿನ ಕಿಟಕಿಯಿಂದ ಬಿಸಿನೀರಿನ ಹಬೆ ಹೊರಬಂತು! ಕೌದಿಯೊಳಗಿನ ನೀರು ನೀರಾಗಿಯೇ ಇತ್ತು. ಅದು ಒಲೆಯ ಮೇಲೆ ಕಾಯ್ದಿತ್ತು, ಉಪ್ಪು ತಿಂದ ಬಚ್ಚಲು ಗಳಗಳನೆ ಹರಿಯುತ್ತಿತ್ತು, ಒಳಗೆ ಚಿಗವ್ವನ ಸ್ನಾನ ನಡೆದಿತ್ತು. ಕಾಕಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ಹಬೆಯ ಕೆಳಗೆ ನಿಂತಿದ್ದರು. ಪಕ್ಕದವರು ಒಬ್ಬೊಬ್ಬರಾಗಿ ಮಗ್ಗು ಹಿಡಿದುಕೊಂಡು ಬಂದರು. ಅಂಕಲ್, ಸ್ವಲ್ಪ ಪಾನಿ!

ಮೂರನೆಯ ಕ್ಯಾನು ಅವರಿಗೇ ಹೋಯಿತು. ಯೋಚಿಸಿ ನೋಡಿ: ಎಂಟು ದಿನಕ್ಕೊಮ್ಮೆ ನಳ ಬರುವ ಸಿಂದಗಿಯವರು ಹಿಮಾಲಯದಲ್ಲಿ ನೀರು ಹಂಚಿದರು! ಊರಿಗೆ ಬಂದ ಮೇಲೆ ಕಾಕಾ ಈ ಕತೆಯನ್ನು ಪಂಕ್ಚರ್ ಅಂಗಡಿಯಲ್ಲಿ, ಮಿರ್ಚಿ ಅಂಗಡಿಯಲ್ಲಿ, ಇಂಡಿಯ ಔಷಧ ಅಂಗಡಿಯಲ್ಲಿ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳಿದಷ್ಟು ಸಲವೂ ಒಂದೊಂದು ಗಾಡಿಯ ಗೀಜರು ಹೆಚ್ಚು ಒಡೆಯುತ್ತದೆ. ಆದರೆ ಕತೆಯ ಕೊನೆಯ ಭಾಗವನ್ನು ಅವರು ಯಾರಿಗೂ ಹೇಳುವುದಿಲ್ಲ. ಅದಕ್ಕೆ ನಾನು ಹೇಳಬೇಕಾಗಿದೆ.

ಆ ಬೆಳಿಗ್ಗೆ ಚಿಗವ್ವ ಬಸ್ಸಿನೊಳಗೆ ಪೂಜೆಗೆ ಕೂತಿದ್ದಾಗ ನಾನು ಕಾಕಾರಿಗೆ ಬಿಸಿ ಚಹಾ ತಂದುಕೊಟ್ಟೆ. ಬೇಡ ಎಂದರು. ನೀರಾದರೂ ಕುಡಿಯಿರಿ ಎಂದೆ, ಅದೂ ಬೇಡ, ಆಕೆಯದು ಮುಗಿಯಲಿ ಎಂದರು. ಕಾಕಾ ದೇವರ ಕೋಣೆಯ ಕಡೆ ಹೆಚ್ಚು ಸುಳಿದವರಲ್ಲ. ನೀವು ಯಾವಾಗಿನಿಂದ ಇಷ್ಟು ಮಡಿವಂತರಾದಿರಿ ಎಂದು ಕೆಣಕಿದೆ. ಅವರು ಹಿಮದ ಕಡೆ ನೋಡುತ್ತಲೇ ಹೇಳಿದರು. ಮದುವೆಯಾದ ವರ್ಷ, ಬಿರುಬೇಸಿಗೆಯಲ್ಲಿ, ಚಿಗವ್ವನನ್ನು ತವರಿನಿಂದ ಕರೆದುಕೊಂಡು ಬರುವಾಗ ಎರೆಹೊಲದ ನಡುವೆ ಬಸ್ಸು ಕೆಟ್ಟು ನಿಂತಿತಂತೆ. ಅದನ್ನು ರಿಪೇರಿ ಮಾಡುವುದರಲ್ಲಿ ಮರುದಿನ ಸಂಜೆಯಾಯಿತು. ಹೊಲದವರು ತಂದಿಟ್ಟ ಒಂದು ಕೊಡದ ನೀರಿನಲ್ಲಿ ಎಲ್ಲರೂ ಗುಟುಕು ಗುಟುಕು ಕುಡಿದರು. ಸ್ನಾನವಾಗಿಲ್ಲವೆಂದು ಚಿಗವ್ವ ಮಾತ್ರ ಮುಟ್ಟಲಿಲ್ಲ, ಮಧ್ಯಾಹ್ನದ ಬಿಸಿಲಿಗೆ ಸೀಟಿನಿಂದ ಕೆಳಗೆ ಬಿದ್ದಳು.

"ಬಸ್ ರಿಪೇರಿ ಮಾಡೂದು ಗೊತ್ತಿತ್ತು ತಂಗಿ. ಆಕಿ ಬಾಯಾಗ ಒಂದು ಹನಿ ನೀರು ಹೆಂಗ ಹಾಕಬೇಕಂತ ಗೊತ್ತಾಗಲಿಲ್ಲ" ಎಂದರು. ಮಫ್ಲರು ಬಿಗಿದುಕೊಂಡು, "ಅವತ್ತಿನಿಂದ ಆಕಿ ಕುಡಿಯೂತನಕ ನಾನೂ ಕುಡಿಯಂಗಿಲ್ಲ. ಆಕಿಗೆ ಗೊತ್ತಿಲ್ಲ, ಹೇಳಬ್ಯಾಡ" ಎಂದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಚಿಗವ್ವ ಒದ್ದೆ ಕೂದಲಿಗೆ ಸೆರಗು ಹೊದ್ದು, ಹಣೆತುಂಬ ವಿಭೂತಿ ಇಟ್ಟುಕೊಂಡು, ತಂಬಿಗೆ ಹಿಡಿದು ನಿಂತಿದ್ದಳು. ಹಿಡಿಕೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಹಿಮದ ಮೇಲೆ ಕಾಲಿಟ್ಟಳು. ಕರ್ ಎಂದಿತು. ಕೆಳಗೆ ನೋಡಿ ಒಂದು ಸಲ ನಕ್ಕಳು, ಚಿಕ್ಕ ಹುಡುಗಿ ನಕ್ಕ ಹಾಗೆ. ನೀರು ಕುಡಿಯುತ್ತಾಳೆಂದು ಕಾಕಾ ನೋಡುತ್ತಿದ್ದರು. ಆಕೆ ಕುಡಿಯಲಿಲ್ಲ. ನಾಲ್ಕು ಹೆಜ್ಜೆ ನಡೆದು ಬಂದು ತಂಬಿಗೆಯನ್ನು ಅವರ ಮುಂದೆ ಹಿಡಿದಳು.

"ಇವತ್ತ ನೀವ ಮೊದಲ ಕುಡೀರಿ. ಮೂವತ್ತೆಂಟು ವರ್ಷದಿಂದ ನೀವು ಕಾಯೂದು ನೋಡಾಕತ್ತೇನಿ ನಾನು."

ಕಾಕಾ ನನ್ನ ಕಡೆ ನೋಡಿದರು. ನಾನು ಹೇಳಿರಲಿಲ್ಲ. ಅವರು ತಂಬಿಗೆ ತೆಗೆದುಕೊಂಡು ಅರ್ಧ ಕುಡಿದು, ತಿರುಗಿ ಕೊಟ್ಟರು. ಉಳಿದ ಅರ್ಧವನ್ನು ಚಿಗವ್ವ ಹಿಮದ ಮೇಲೆ ನಿಂತೇ ಕುಡಿದಳು.